ಹೇಸಿಗೆಗೆ ಸಮಾಧಾನದ ಮಾತು ಏಕೆ ನಾಟುವುದಿಲ್ಲ?

ತುಂಗಾತೀರ (ಚರ್ಚೆ ಆರಂಭಿಸಿದವರು)

ಮಾನಸಿಕ ಆರೋಗ್ಯದ ಕುರಿತು ಕನ್ನಡದಲ್ಲಿ ಬರುವ ಬರಹಗಳಲ್ಲಿ ಭಯ, ಆತಂಕ, ದುಃಖಗಳಿಗೆ ಸಿಕ್ಕಷ್ಟು ಜಾಗ ಹೇಸಿಗೆಗೆ ಸಿಕ್ಕಿಲ್ಲ. ಚಿಕಿತ್ಸಾ ಮನೋವಿಜ್ಞಾನದ ಕೆಲಸದಲ್ಲಿರುವ ನನಗೆ ಇದು ದೊಡ್ಡ ಕೊರತೆಯಾಗಿ ಕಾಣುತ್ತದೆ. ಕೈ ತೊಳೆಯುವ ಗೀಳು, ರಕ್ತ ಕಂಡರೆ ತಲೆಸುತ್ತಿ ಬೀಳುವುದು, ಜೇಡ-ಹಲ್ಲಿಗಳ ಅತಿಭೀತಿ, ತನ್ನ ಮೈಯನ್ನು ತಾನೇ ಸಹಿಸಲಾಗದ ಖಿನ್ನತೆ ಇವನ್ನೆಲ್ಲ ಭಯದ ಕಾಯಿಲೆಗಳೆಂದೇ ಬಗೆದು, ಮನೆಯವರೂ ಕೆಲವೊಮ್ಮೆ ವೈದ್ಯರೂ ‘ಹೆದರಬೇಡಿ, ಏನೂ ಆಗುವುದಿಲ್ಲ’ ಎಂದು ಸಮಾಧಾನ ಹೇಳುತ್ತಾರೆ. ಆದರೆ ಏನೋ ಆಗಿಬಿಡುತ್ತದೆ ಎಂಬ ಹೆದರಿಕೆ ಆ ವ್ಯಕ್ತಿಗೆ ಎಷ್ಟೋ ಸಲ ಇರುವುದೇ ಇಲ್ಲ. ಅವರಿಗೆ ಅಸಹ್ಯವಾಗುತ್ತಿರುತ್ತದೆ, ಅಷ್ಟೇ.

ಚಾರ್ಲ್ಸ್ ಡಾರ್ವಿನ್ 1872ರಲ್ಲಿ ಭಾವಾಭಿವ್ಯಕ್ತಿಯ ಕುರಿತು ಬರೆದ ಗ್ರಂಥದಲ್ಲಿ ಒಂದು ಪ್ರಸಂಗವಿದೆ. ದಕ್ಷಿಣ ಅಮೆರಿಕದ ತುದಿಯ ಟಿಯೆರಾ ಡೆಲ್ ಫ್ಯೂಗೋದಲ್ಲಿ ಅವನು ಸಂರಕ್ಷಿತ ಮಾಂಸವನ್ನು ತಿನ್ನುತ್ತಿದ್ದಾಗ ಅಲ್ಲಿಯ ನಿವಾಸಿಯೊಬ್ಬ ಅದನ್ನು ಬೆರಳಿನಿಂದ ಮುಟ್ಟಿ, ಅದರ ಮೆತ್ತನೆಯ ತಣ್ಣನೆಯ ಸ್ಪರ್ಶಕ್ಕೆ ಹೇಸಿಕೊಂಡ. ಅವನ ಕೈ ಕೊಳಕಾಗಿಯೇನೂ ಕಾಣುತ್ತಿರಲಿಲ್ಲ. ಆದರೂ ಅವನು ಮುಟ್ಟಿದ ಆಹಾರವೆಂದು ಡಾರ್ವಿನ್ನನಿಗೂ ಹೇಸಿಗೆಯಾಯಿತು. ಒಂದೇ ತುಂಡು ಮಾಂಸ, ಇಬ್ಬರಿಗೂ ಹೇಸಿಗೆ, ಕಾರಣ ಮಾತ್ರ ಬೇರೆ ಬೇರೆ. ನನ್ನ ದೃಷ್ಟಿಯಲ್ಲಿ ಈ ವಿಷಯದ ಮುಕ್ಕಾಲು ಪಾಲು ಈ ಪ್ರಸಂಗದಲ್ಲೇ ಅಡಗಿದೆ.

ಸುಮಾರು ನೂರು ವರ್ಷ ಇದನ್ನು ಗಂಭೀರವಾಗಿ ಮುಂದುವರಿಸಿದವರು ವಿರಳ. 1980ರ ದಶಕದಲ್ಲಿ ಅಮೆರಿಕದ ಮನೋವಿಜ್ಞಾನಿ ಪಾಲ್ ರೋಜಿನ್ ಮತ್ತು ಸಂಗಡಿಗರು ಜಿರಲೆಯೊಂದನ್ನು ಕ್ರಿಮಿಶುದ್ಧಗೊಳಿಸಿ, ಅದನ್ನು ಹಣ್ಣಿನ ರಸದಲ್ಲಿ ಅದ್ದಿ ತೆಗೆದು, ಈಗ ಕುಡಿಯುವಿರಾ ಎಂದು ಜನರನ್ನು ಕೇಳಿದರು. ಆ ಜಿರಲೆಯಲ್ಲಿ ಒಂದು ರೋಗಾಣುವೂ ಇಲ್ಲವೆಂದು ಗೊತ್ತಿದ್ದೂ ಬಹುಪಾಲು ಜನರಿಗೆ ಆ ರಸ ಬೇಡವಾಯಿತು. ನಾಯಿಯ ಹೇಲಿನ ಆಕಾರದಲ್ಲಿ ಮಾಡಿದ ಚಾಕೊಲೇಟ್ ಮಿಠಾಯಿಯನ್ನು ತಿನ್ನಲೂ ಮನಸ್ಸು ಒಪ್ಪಲಿಲ್ಲ. ಇದರಿಂದ ರೋಜಿನ್ ಎರಡು ನಿಯಮಗಳನ್ನು ಗುರುತಿಸಿದರು: ಒಮ್ಮೆ ತಗಲಿದ್ದು ತಗಲಿಯೇ ಇರುತ್ತದೆ, ಯಾವುದರಂತೆ ಕಾಣುತ್ತದೋ ಅದೇ ಆಗಿರುತ್ತದೆ. ಎರಡೂ ಮಾಟಮಂತ್ರದ ತರ್ಕಗಳೇ, ಆದರೆ ಸುಶಿಕ್ಷಿತರಲ್ಲೂ ಯಾವ ಅಡೆತಡೆಯಿಲ್ಲದೆ ಕೆಲಸ ಮಾಡುತ್ತವೆ.

ಇದರ ಮೂಲ ರೋಗದಿಂದ ದೂರವಿರುವ ಪ್ರವೃತ್ತಿಯಲ್ಲಿದೆ ಎನ್ನುವುದಕ್ಕೆ ಒಳ್ಳೆಯ ಆಧಾರಗಳಿವೆ. ಲಂಡನ್ನಿನ ವ್ಯಾಲರಿ ಕರ್ಟಿಸ್ ಅವರ ತಂಡ 2004ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ನಾನಾ ದೇಶಗಳ ಸುಮಾರು 40,000 ಜನರಿಗೆ ಜೋಡಿ ಜೋಡಿಯಾಗಿ ಚಿತ್ರಗಳನ್ನು ತೋರಿಸಲಾಯಿತು. ತಟ್ಟೆಯಲ್ಲಿ ನೀಲಿ ಬಣ್ಣದ ಅಂಟು ದ್ರವವಿದ್ದರೆ ಅಷ್ಟೇನೂ ಅನ್ನಿಸದವರಿಗೆ, ಅದೇ ದ್ರವ ಕೀವು-ರಕ್ತದಂತೆ ಕಂಡಾಗ ಅಸಹ್ಯ ಹೆಚ್ಚಾಯಿತು. ಕಾಯಿಲೆಯ ಸೂಚನೆ ಇದ್ದಲ್ಲೆಲ್ಲ ಹೀಗೆಯೇ ಆಯಿತು.

ಇನ್ನು ನನ್ನ ಮುಖ್ಯ ಮಾತು. ಭಯಕ್ಕೆ ಒಂದು ಭವಿಷ್ಯವಿರುತ್ತದೆ: ನಾಯಿ ಕಚ್ಚೀತು, ಲಿಫ್ಟ್ ನಿಂತೀತು. ಕಚ್ಚಲಿಲ್ಲ, ನಿಲ್ಲಲಿಲ್ಲ ಎಂಬ ಅನುಭವ ಮತ್ತೆ ಮತ್ತೆ ಆದಾಗ ಭಯ ಇಳಿಯುತ್ತದೆ. ಹೇಸಿಗೆಗೆ ಆ ಭವಿಷ್ಯವೇ ಬೇಕಿಲ್ಲ. ‘ಇದು ಗಲೀಜು’ ಎಂದು ಅನ್ನಿಸಿಬಿಟ್ಟರೆ ಮುಗಿಯಿತು. ಸುಳ್ಳಾಗಬಲ್ಲ ಊಹೆಯೇ ಅಲ್ಲಿ ಇರುವುದಿಲ್ಲ. ಅದಕ್ಕೇ ಎದುರಿಸುವ ಅಭ್ಯಾಸದ ಚಿಕಿತ್ಸೆಯಲ್ಲಿ (ಅಂಜಿಸುವ, ಹೇಸಿಸುವ ವಸ್ತುವಿನ ಎದುರು ಮತ್ತೆ ಮತ್ತೆ ನಿಲ್ಲಿಸುವ ಕ್ರಮ) ಭಯ ಬೇಗ ಇಳಿದರೂ ಹೇಸಿಗೆ ಬಹಳ ನಿಧಾನವಾಗಿ ಇಳಿಯುತ್ತದೆ ಎಂದು ಹಲವು ಅಧ್ಯಯನಗಳು ತೋರಿಸಿವೆ. ಇದನ್ನು ಅರಿಯದೆ ಚಿಕಿತ್ಸೆ ಆರಂಭಿಸಿದವರು ‘ಇದು ನಮಗೆ ಫಲಿಸುವುದಿಲ್ಲ’ ಎಂದು ನಡುವೆಯೇ ಕೈಬಿಡುವುದನ್ನು ನೋಡುತ್ತಲೇ ಇದ್ದೇನೆ. ನಿಮ್ಮ ಅನುಭವ, ಆಕ್ಷೇಪಗಳನ್ನು ಬರೆಯಿರಿ.

ಮಲ್ಲಿಗೆಬಳ್ಳಿ

ಸರ್, ನೀವು ಬರೆದಿರುವುದನ್ನು ಓದುವಾಗ ನಮ್ಮ ಅತ್ತೆಯವರೇ ಕಣ್ಣ ಮುಂದೆ ಬಂದರು. ಅವರು ನಲ್ಲಿಯನ್ನು ಮೊಣಕೈಯಿಂದ ತಿರುಗಿಸುತ್ತಾರೆ, ಚಿಲಕವನ್ನು ಸೆರಗಿನಲ್ಲಿ ಹಿಡಿದು ತೆಗೆಯುತ್ತಾರೆ. ಹಾಲಿನ ಪ್ಯಾಕೆಟ್ಟನ್ನು ಪಾತ್ರೆ ತೊಳೆಯುವ ಸೋಪಿನಿಂದ ತಿಕ್ಕಿ, ಆ ಸೋಪನ್ನು ತೊಳೆದು, ಆಮೇಲೆ ಕೈ ತೊಳೆದು, ಕೈ ತೊಳೆಯುವಾಗ ಸಿಡಿದ ನೀರು ಸೀರೆಗೆ ತಗಲಿತೆಂದು ಸೀರೆ ಬದಲಾಯಿಸುತ್ತಾರೆ. ನನ್ನ ಗಂಡ ಕೆಲಸದಿಂದ ಬಂದ ಕೂಡಲೇ, ‘ಚಪ್ಪಲಿ ಬಿಟ್ಟ ಕೈಯಲ್ಲೇ ಬಾಗಿಲು ಮುಟ್ಟಿದೆಯಾ?’ ಎಂಬ ವಿಚಾರಣೆ ನಡೆಯುತ್ತದೆ. ‘ಕಾಯಿಲೆ ಬರುತ್ತದೆ ಅಂತ ಹೆದರಿಕೆಯೇ ಅಮ್ಮಾ?’ ಎಂದು ನಾನೇ ಒಮ್ಮೆ ಕೇಳಿದ್ದೆ. ‘ಕಾಯಿಲೆಯ ಮಾತಲ್ಲ, ಮೈಯೆಲ್ಲ ಹೊಲಸು ಹತ್ತಿದ ಹಾಗಾಗುತ್ತದೆ, ನಿನಗೆ ಹೇಗೆ ಹೇಳಲಿ’ ಎಂದರು. ನೆಂಟರಿಷ್ಟರು ಮಾತ್ರ ‘ನಿಮ್ಮತ್ತೆ ಎಷ್ಟು ಮಡಿವಂತರು’ ಎಂದು ಹೊಗಳುತ್ತಾರೆ. ಅವರ ಬೆರಳ ಸಂದುಗಳು ಬಿರಿದು ರಕ್ತ ಒಸರುವುದನ್ನು ಯಾರೂ ನೋಡುವುದಿಲ್ಲ.

ಅಗ್ರಹಾರದವ

ಒಂದು ಆಕ್ಷೇಪವಿದೆ. ನಮ್ಮ ಮನೆಯಲ್ಲಿ ತಲೆಮಾರುಗಳಿಂದ ಮಡಿ, ಮುಸುರೆ, ಎಂಜಲುಗಳ ಕಟ್ಟುಪಾಡು ನಡೆದುಬಂದಿದೆ. ನನ್ನ ಅಜ್ಜಿ ಒದ್ದೆ ಸೀರೆಯಲ್ಲೇ ಅಡುಗೆ ಮಾಡುತ್ತಿದ್ದರು, ಯಾರನ್ನೂ ಮುಟ್ಟಿಸಿಕೊಳ್ಳುತ್ತಿರಲಿಲ್ಲ, ಹಾಗೆಯೇ ತೊಂಬತ್ತು ದಾಟುವವರೆಗೆ ನೆಮ್ಮದಿಯಾಗಿ ಬಾಳಿದರು. ಆಚಾರವೆಂಬುದೆಲ್ಲವನ್ನೂ ಪಾಶ್ಚಾತ್ಯರ ಪಟ್ಟಿ ಹಿಡಿದು ಕಾಯಿಲೆ ಎನ್ನುವುದು ಸರಿಯೇ?

ತುಂಗಾತೀರ

ಸರಿಯಲ್ಲ, ಹಾಗೆ ಅನ್ನುವವನೂ ನಾನಲ್ಲ. ಆಚಾರ ಮತ್ತು ಗೀಳು ಹೊರನೋಟಕ್ಕೆ ಒಂದೇ ತರಹ ಕಾಣುತ್ತವೆ, ಆದರೆ ನಿಮ್ಮ ಅಜ್ಜಿಯವರ ಮಡಿಗೆ ಒಂದು ಮುಕ್ತಾಯವಿತ್ತು. ಸ್ನಾನವಾಯಿತು, ಪೂಜೆಯಾಯಿತು, ಊಟವಾಯಿತು, ಅಲ್ಲಿಗೆ ಮಡಿ ಮುಗಿಯಿತು. ಮೈಲಿಗೆಯಾದರೆ ಇಂಥದ್ದು ಮಾಡಿದರೆ ಸಾಕೆಂದು ಶಾಸ್ತ್ರವೇ ಹೇಳುತ್ತಿತ್ತು, ಮನೆಯ ಹಿರಿಯರು ‘ಪರವಾಗಿಲ್ಲ ಬಿಡು’ ಎಂದರೆ ಮನಸ್ಸು ಒಪ್ಪುತ್ತಿತ್ತು. ಗೀಳಿನಲ್ಲಿ ಈ ‘ಸಾಕು’ ಎಂಬುದೇ ಕಾಣೆಯಾಗಿರುತ್ತದೆ. ವೈದ್ಯರು ಸಾಮಾನ್ಯವಾಗಿ ಬಳಸುವ ಅಳತೆಯೂ ಸರಳವಾದುದೇ: ಇಂಥ ಯೋಚನೆ ಮತ್ತು ತೊಳೆತ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಹೊತ್ತನ್ನು ನುಂಗುತ್ತಿದೆಯೇ, ಅಥವಾ ತೀವ್ರ ಸಂಕಟವನ್ನು ತರುತ್ತಿದೆಯೇ, ಇಲ್ಲವೇ ಮನೆವಾರ್ತೆ, ಉದ್ಯೋಗ, ಸಂಬಂಧಗಳನ್ನು ಕೆಡಿಸುತ್ತಿದೆಯೇ ಎಂದು ಕೇಳುತ್ತಾರೆ. ಆಚಾರವಂತರ ಮನೆಯಲ್ಲಿ ಗೀಳು ಹುಟ್ಟಿದರೆ ಅದಕ್ಕೆ ಗೌರವದ ಹೊದಿಕೆ ಸಿಕ್ಕಿಬಿಡುತ್ತದೆ, ಹಾಗಾಗಿ ಎಷ್ಟೋ ವರ್ಷ ಯಾರಿಗೂ ತಿಳಿಯುವುದಿಲ್ಲ. ಮಲ್ಲಿಗೆಬಳ್ಳಿಯವರು ಬರೆದ ಬಿರಿದ ಬೆರಳುಗಳ ವಿಷಯದಲ್ಲಿ ನನಗಿರುವ ಚಿಂತೆ ಅದೇ.

ಕೋಲಾರದ ಕಡೆಯವ

ಮಡಿಯ ಮಾತು ಬಂದ ಮೇಲೆ ಇನ್ನೊಂದು ಮಗ್ಗುಲನ್ನೂ ಹೇಳಲೇಬೇಕು. ಡಾರ್ವಿನ್ನನ ಪ್ರಸಂಗದಲ್ಲಿ ಮುಟ್ಟಿದವನ ಕೈ ಕೊಳಕಾಗಿರಲಿಲ್ಲ, ಆದರೂ ಹೇಸಿಗೆಯಾಯಿತು. ನಮಗೆ ಇದನ್ನು ತಿಳಿಯಲು ಟಿಯೆರಾ ಡೆಲ್ ಫ್ಯೂಗೋದವರೆಗೆ ಹೋಗಬೇಕಾಗಿಲ್ಲ. 1927ರ ಮಾರ್ಚ್ 20ರಂದು ಮಹಾರಾಷ್ಟ್ರದ ಮಹಾಡಿನ ಚವದಾರ ಕೆರೆಯಲ್ಲಿ ಅಂಬೇಡ್ಕರ್ ಮತ್ತು ಅವರೊಡನೆ ಬಂದವರು ನೀರು ಕುಡಿದ ಬಳಿಕ, ಸವರ್ಣೀಯರು ಆ ಕೆರೆಯನ್ನು 108 ಮಡಕೆ ಹಾಲು, ಮೊಸರು, ಸೆಗಣಿ, ಗಂಜಲಗಳಿಂದ ‘ಶುದ್ಧಿ’ ಮಾಡಿದರು. ದನ ಎಮ್ಮೆಗಳು ಇಳಿಯುತ್ತಿದ್ದ ಕೆರೆ ಅದು. ಸೆಗಣಿಯಿಂದ ನೀರು ಶುದ್ಧವಾಗುತ್ತದೆ, ಮನುಷ್ಯನ ಬೊಗಸೆಯಿಂದ ಅಶುದ್ಧವಾಗುತ್ತದೆ ಎಂಬ ಈ ಅಸಹ್ಯ ರೋಗಾಣುವನ್ನು ಕಂಡು ಹುಟ್ಟಿದ್ದಲ್ಲ, ಮಕ್ಕಳಿಗೆ ಕಲಿಸಿಕೊಟ್ಟದ್ದು. ನಮ್ಮ ಭಾಗದ ಹೋಟೆಲುಗಳಲ್ಲಿ ಬೇರೆ ಲೋಟ ಇಡುತ್ತಿದ್ದ ಕಾಲವನ್ನು ನನ್ನ ತಂದೆ ಕಂಡವರು.

ನನ್ನ ಪ್ರಶ್ನೆ ಇಷ್ಟೇ: ಹೇಸಿಕೊಳ್ಳುವವರ ಮನಸ್ಸಿನ ಬಗ್ಗೆ ಇಷ್ಟು ಸಂಶೋಧನೆಯಾಗಿದೆ, ಹೇಸಿಸಿಕೊಂಡವರ ಮನಸ್ಸಿನ ಬಗ್ಗೆ ಏನಾಗಿದೆ? 1970ರ ದಶಕದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ರಾಜ್ಯದಲ್ಲಿ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದರು, 1993ರಲ್ಲಿ ಮತ್ತು 2013ರಲ್ಲಿ ಕೇಂದ್ರದ ಕಾನೂನುಗಳು ಬಂದವು. ಆದರೂ ಗುಂಡಿಗಿಳಿದು ಸತ್ತವರ ಸುದ್ದಿ ನಿಂತಿಲ್ಲ. ದಿನವೂ ಆ ಕೆಲಸ ಮಾಡಿ ಮನೆಗೆ ಬಂದು, ತನ್ನ ಮಗುವನ್ನು ಎತ್ತಿಕೊಳ್ಳಲು ಹಿಂದೆಮುಂದೆ ನೋಡುವವನ ಮಾನಸಿಕ ಆರೋಗ್ಯ ಯಾವ ಅಳತೆಪಟ್ಟಿಯಲ್ಲಿದೆ?

ತುಂಗಾತೀರ

ನಿಮ್ಮ ಪ್ರಶ್ನೆ ನ್ಯಾಯವಾದುದು, ಈ ಕ್ಷೇತ್ರದ ಕುರುಡುತನವನ್ನೇ ಅದು ಮುಟ್ಟುತ್ತದೆ. ಹುಟ್ಟಿದ ಮಗುವಿಗೆ ಕಹಿಯನ್ನು ಉಗುಳುವುದು ಗೊತ್ತು, ಹೇಸಿಗೆ ಗೊತ್ತಿಲ್ಲ. ಎರಡು ವರ್ಷದೊಳಗಿನ ಮಕ್ಕಳು ಏನನ್ನಾದರೂ ಬಾಯಿಗಿಡುವುದನ್ನು ಎಲ್ಲ ತಾಯಂದಿರೂ ಬಲ್ಲರು. ಯಾವುದಕ್ಕೆ, ಯಾರಿಗೆ ಹೇಸಬೇಕೆಂಬುದನ್ನು ಆಮೇಲೆ ದೊಡ್ಡವರ ಮುಖ ನೋಡಿ ಕಲಿಯುತ್ತವೆ. ಮಿದುಳಿನ ಇನ್ಸುಲಾ ಎಂಬ ಭಾಗ ನಮಗೆ ಕೆಟ್ಟ ವಾಸನೆ ಬಡಿದಾಗಲೂ, ಇನ್ನೊಬ್ಬರು ಮುಖ ಕಿವುಚಿದ್ದನ್ನು ನೋಡಿದಾಗಲೂ ಚುರುಕಾಗುತ್ತದೆಂದು 2003ರ ಒಂದು ಪ್ರಯೋಗ ತೋರಿಸಿತು. ಅಂದರೆ ಹೇಸಿಗೆ ಮುಖದಿಂದ ಮುಖಕ್ಕೆ ದಾಟುತ್ತದೆ.

ಹೇಸಿಸಿಕೊಂಡವರ ಕುರಿತು ಹೇಳುವುದಾದರೆ, ‘ಆತ್ಮಜುಗುಪ್ಸೆ’ಯನ್ನು ಅಳೆಯುವ ಪ್ರಶ್ನಾವಳಿ ಬಂದದ್ದೇ 2008ರಲ್ಲಿ, ಬ್ರಿಟನ್ನಿನ ಪಾಲ್ ಓವರ್ಟನ್ ಮತ್ತು ಸಹೋದ್ಯೋಗಿಗಳಿಂದ. ತನ್ನ ಬಗ್ಗೆ ತನಗಿರುವ ಅಸಹ್ಯಕ್ಕೂ ಖಿನ್ನತೆಗೂ ಗಟ್ಟಿಯಾದ ನಂಟು ಅಲ್ಲಿ ಕಂಡುಬಂತು. ತಪ್ಪು ಮಾಡಿದೆನೆಂಬ ಪಾಪಪ್ರಜ್ಞೆಗೆ ಪರಿಹಾರವುಂಟು: ಕ್ಷಮೆ ಕೇಳಬಹುದು, ತಿದ್ದಿಕೊಳ್ಳಬಹುದು. ‘ನಾನೇ ಹೊಲಸು’ ಎಂಬ ಭಾವಕ್ಕೆ ಹೋಗಲು ಜಾಗವಿಲ್ಲ, ಏಕೆಂದರೆ ಹೇಸಿಗೆ ಕೇಳುವುದು ದೂರವಾಗುವುದನ್ನು, ತನ್ನಿಂದ ತಾನು ದೂರವಾಗುವುದು ಹೇಗೆ? ಜಾತಿಯ ಅವಮಾನವನ್ನು ಉಂಡವರಿಗೆ ಸಮಾಲೋಚನೆ ಕೊಡುವಾಗ ‘ನಿಮ್ಮ ಆತ್ಮವಿಶ್ವಾಸ ಕಡಿಮೆ’ ಎಂದು ಬರೆದುಕೊಳ್ಳುವುದು ಕಾಯಿಲೆಯನ್ನು ತಪ್ಪು ಕಡೆ ಹುಡುಕಿದಂತೆ ಎಂದೇ ನನ್ನ ಅಭಿಪ್ರಾಯ.

ರಸಾಭ್ಯಾಸಿ

ಸ್ವಲ್ಪ ಬೇರೆ ದಿಕ್ಕಿನಿಂದ ಒಂದೆರಡು ಮಾತು, ಆದರೆ ವಿಷಯದೊಳಗೇ. ಭರತನ ನಾಟ್ಯಶಾಸ್ತ್ರದಲ್ಲಿ ಜುಗುಪ್ಸೆ, ಅಂದರೆ ಹೇಸಿಗೆ, ಬೀಭತ್ಸರಸದ ಸ್ಥಾಯಿಭಾವ (ಆ ರಸಕ್ಕೆ ಆಧಾರವಾದ ಭಾವ). ಅಲ್ಲಿ ಮಲ, ಕ್ರಿಮಿಗಳಿಂದ ಹುಟ್ಟುವ ಉದ್ವೇಗಿ ಬೀಭತ್ಸವನ್ನೂ ರಕ್ತ ಮೊದಲಾದವುಗಳಿಂದ ಹುಟ್ಟುವ ಕ್ಷೋಭಜ ಬೀಭತ್ಸವನ್ನೂ ಬೇರೆ ಮಾಡಿ ಹೇಳಿದ್ದಾರೆ. ಇಂದಿನ ಹೇಸಿಗೆಯ ಅಳತೆಪಟ್ಟಿಗಳೂ ಗಲೀಜಿನ ಹೇಸಿಗೆ ಮತ್ತು ರಕ್ತ-ಗಾಯ-ಶವಗಳ ಹೇಸಿಗೆಯನ್ನು ಬೇರೆಯಾಗಿಯೇ ಎಣಿಸುತ್ತವೆಯೆಂದು ಓದಿದ್ದೇನೆ. ಹತ್ತನೆಯ ಶತಮಾನದ ಧನಂಜಯ ತನ್ನ ನಾಟಕಲಕ್ಷಣದ ಗ್ರಂಥವಾದ ದಶರೂಪಕದಲ್ಲಿ ಮೂರನೆಯದೊಂದನ್ನು ಸೇರಿಸುತ್ತಾನೆ: ವೈರಾಗ್ಯದಿಂದ, ಸುಂದರವಾದ ದೇಹದ ಬಗ್ಗೆಯೂ ಹುಟ್ಟುವ ಹೇಸಿಗೆ.

ಈ ಮೂರನೆಯದು ಎಷ್ಟು ಅಪಾಯಕಾರಿಯಾಗಬಲ್ಲದು ಎನ್ನುವುದಕ್ಕೆ ಬೌದ್ಧರ ಧರ್ಮಗ್ರಂಥವಾದ ಪಾಲಿ ತ್ರಿಪಿಟಕದಲ್ಲಿ ಒಂದು ಕಥನವಿದೆ. ವೈಶಾಲಿಯ ಮಹಾವನದಲ್ಲಿ ಬುದ್ಧ ಭಿಕ್ಷುಗಳಿಗೆ ದೇಹದ ಅಶುಚಿಯನ್ನು ಕುರಿತ ಧ್ಯಾನವನ್ನು ಬೋಧಿಸಿ, ಹದಿನೈದು ದಿನಗಳ ಏಕಾಂತಕ್ಕೆ ಹೋಗುತ್ತಾನೆ. ಮರಳಿ ಬಂದಾಗ ಸಂಘವೇ ತೆಳುವಾಗಿರುತ್ತದೆ. ತಮ್ಮ ದೇಹದ ಬಗ್ಗೆ ಅಸಹ್ಯ ಹುಟ್ಟಿ ಅನೇಕರು ಜೀವ ಕಳೆದುಕೊಂಡಿರುತ್ತಾರೆ. ಬುದ್ಧ ಆಗ ಉಳಿದವರನ್ನು ಸೇರಿಸಿ ಉಸಿರಾಟದ ಧ್ಯಾನವನ್ನು ಹೇಳಿಕೊಡುತ್ತಾನೆ. ಆತ್ಮಜುಗುಪ್ಸೆ ಮನುಷ್ಯನನ್ನು ಎಲ್ಲಿಗೆ ಮುಟ್ಟಿಸಬಲ್ಲದು ಎಂಬುದಕ್ಕೆ ಇಷ್ಟು ಹಳೆಯ ದಾಖಲೆ ನನಗೆ ಬೇರೆಲ್ಲೂ ಸಿಕ್ಕಿಲ್ಲ.

ಬಿಳಿ ಏಪ್ರನ್

ನಾನು ಶುಶ್ರೂಷಾ ತರಬೇತಿಯ ಎರಡನೆಯ ವರ್ಷದಲ್ಲಿದ್ದೇನೆ. ನನ್ನ ತೊಂದರೆ ಏನೆಂದರೆ ಗಾಯಕ್ಕೆ ಡ್ರೆಸ್ಸಿಂಗ್ ಮಾಡುವಾಗ, ಹಳೆಯ ಗಾಜ್ ಬಟ್ಟೆಯನ್ನು ಕಿತ್ತ ಕ್ಷಣ ಬರುವ ವಾಸನೆಗೆ ಮೊದಲು ಎದೆ ಹೊಡೆದುಕೊಳ್ಳುತ್ತದೆ, ಆಮೇಲೆ ಕಿವಿ ಗುಂಯ್ ಎಂದು ಕಣ್ಣು ಕತ್ತಲಿಡುತ್ತದೆ. ‘ಧೈರ್ಯ ತಂದುಕೋ’ ಎಂದು ಸಿಸ್ಟರ್ ಹೇಳುತ್ತಾರೆ, ದೀರ್ಘವಾಗಿ ಉಸಿರಾಡಿ ಮೈ ಸಡಿಲ ಬಿಡು ಎಂದು ಗೆಳತಿಯರು ಹೇಳುತ್ತಾರೆ. ಸಡಿಲ ಬಿಟ್ಟರೆ ಇನ್ನೂ ಬೇಗ ಬೀಳುವ ಹಾಗಾಗುತ್ತದೆ. ಈ ವೃತ್ತಿಯನ್ನೇ ಬಿಡಬೇಕೇ?

ತುಂಗಾತೀರ

ಬಿಡಬೇಕಾಗಿಲ್ಲ. ನಿಮಗಾಗುತ್ತಿರುವುದನ್ನು ನೀವೇ ಚೆನ್ನಾಗಿ ಗಮನಿಸಿದ್ದೀರಿ. ಸಾಮಾನ್ಯ ಭಯದಲ್ಲಿ ರಕ್ತದೊತ್ತಡ ಏರಿಯೇ ಇರುತ್ತದೆ, ಆದ್ದರಿಂದ ಭಯಗೊಂಡವರು ಮೂರ್ಛೆ ಹೋಗುವುದು ಅಪರೂಪ. ರಕ್ತ-ಗಾಯಗಳ ಅತಿಭೀತಿಯಲ್ಲಿ ಮಾತ್ರ ಒತ್ತಡ ಮೊದಲು ಏರಿ, ನಂತರ ಹಠಾತ್ತನೆ ಕುಸಿಯುತ್ತದೆ, ಮಿದುಳಿಗೆ ರಕ್ತ ಸಾಲದೆ ಕಣ್ಣು ಕತ್ತಲಿಡುತ್ತದೆ. ಅಲ್ಲಿ ಮೈ ಸಡಿಲ ಬಿಡುವುದು ಉರಿಗೆ ತುಪ್ಪ. ಸ್ವೀಡನ್ನಿನ ಲಾರ್ಸ್-ಗೋರಾನ್ ಓಸ್ಟ್ 1980ರ ದಶಕದಲ್ಲಿ ರೂಪಿಸಿದ ಕ್ರಮ ಇದಕ್ಕೆ ತದ್ವಿರುದ್ಧವಾದುದು. ಕೈ, ಕಾಲು, ಹೊಟ್ಟೆಯ ಸ್ನಾಯುಗಳನ್ನು ಹತ್ತು-ಹದಿನೈದು ಸೆಕೆಂಡು, ಮುಖ ಬೆಚ್ಚಗಾಗುವವರೆಗೆ ಬಿಗಿಹಿಡಿಯಬೇಕು. ಇಪ್ಪತ್ತು-ಮೂವತ್ತು ಸೆಕೆಂಡು ಸಹಜ ಸ್ಥಿತಿಗೆ ಬರಬೇಕು (ಪೂರ್ತಿ ಸಡಿಲವಾಗಬಾರದು). ಹೀಗೆ ಐದು ಸಲ ಮಾಡಬೇಕು. ಮೊದಲು ಕುರ್ಚಿಯಲ್ಲಿ ಕುಳಿತು ಕಲಿಯಿರಿ, ಆಮೇಲೆ ಚಿತ್ರಗಳನ್ನು ನೋಡುತ್ತಾ, ಕೊನೆಗೆ ವಾರ್ಡಿನಲ್ಲಿ. ರಕ್ತದೊತ್ತಡದ ಅಥವಾ ಹೃದಯದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಇದನ್ನು ಮಾಡಬಾರದು. ವಾಸನೆಗೆ ಹೇಸುವುದು ಇಷ್ಟರಿಂದಲೇ ಪೂರ್ತಿ ಹೋಗುವುದಿಲ್ಲ, ಆದರೆ ಬೀಳುವುದು ನಿಂತರೆ ಕೆಲಸ ಮುಂದುವರಿಸಬಹುದು, ಕೆಲಸ ಮುಂದುವರಿದರೆ ಹೇಸಿಗೆಯೂ ಮೆಲ್ಲಗೆ ಮೊಂಡಾಗುತ್ತದೆ.

ಹೆಸರು ಬೇಡ

ಇದನ್ನು ಬರೆಯಬೇಕೋ ಬೇಡವೋ ಎಂದು ಬಹಳ ಯೋಚಿಸಿದೆ. ನನ್ನ ಮೇಲೆ ಹಿಂದೆ ಒಂದು ದೌರ್ಜನ್ಯ ನಡೆದಿತ್ತು. ಈಗ ಯಾರೂ ಮುಟ್ಟದಿದ್ದರೂ, ಆ ಕಾಲದ ಒಂದು ಹೆಸರು ಕಿವಿಗೆ ಬಿದ್ದರೆ ಸಾಕು, ಮೈಯೊಳಗೆ ಕೊಳೆ ಇಳಿದ ಹಾಗಾಗಿ ಸ್ನಾನ ಮಾಡಬೇಕೆನ್ನಿಸುತ್ತದೆ. ಎಷ್ಟು ತಿಕ್ಕಿದರೂ ಒಳಗಿನದು ಹೋಗುವುದಿಲ್ಲ. ಇದೂ ಗೀಳೇ?

ತುಂಗಾತೀರ

ಬರೆದದ್ದು ಒಳ್ಳೆಯದಾಯಿತು. ಈ ಅನುಭವವನ್ನು ಮನೋವಿಜ್ಞಾನಿ ಸ್ಟ್ಯಾನ್ಲಿ ರಾಕ್‌ಮನ್ 1994ರಲ್ಲಿ ಮನಸ್ಸಿನ ಮಾಲಿನ್ಯವೆಂದು ಬೇರೆಯಾಗಿ ವಿವರಿಸಿದರು: ಕೊಳೆ ತಗಲದೆಯೇ ಕೊಳಕಾದೆನೆಂಬ ಭಾವ, ಮತ್ತು ಅದರ ಮೂಲದಲ್ಲಿ ಹೆಚ್ಚಾಗಿ ಒಬ್ಬ ಮನುಷ್ಯನ ದ್ರೋಹ ಅಥವಾ ಹಿಂಸೆ. ಲೈಂಗಿಕ ದೌರ್ಜನ್ಯಕ್ಕೊಳಗಾದ ಮಹಿಳೆಯರಲ್ಲಿ ಇದು ವ್ಯಾಪಕವಾಗಿದೆ ಎಂದು 2004ರ ಅಧ್ಯಯನದಲ್ಲಿ ಕಂಡುಬಂತು. ಮರುವರ್ಷದ ಪ್ರಯೋಗವೊಂದರಲ್ಲಿ, ಒಪ್ಪಿಗೆಯಿಲ್ಲದ ಮುತ್ತನ್ನು ಬರಿದೆ ಕಲ್ಪಿಸಿಕೊಂಡ ಮಹಿಳೆಯರಿಗೂ ತಾವು ಕೊಳಕಾದಂತೆ ಅನ್ನಿಸಿತು, ಕೆಲವರು ಬಾಯಿ ಮುಕ್ಕಳಿಸಿ ಬಂದರು. ಕಲ್ಪನೆಯೇ ಇಷ್ಟು ಮಾಡಬಲ್ಲದಾದರೆ ನಿಮಗೆ ಆಗುತ್ತಿರುವುದರಲ್ಲಿ ವಿಚಿತ್ರವೇನೂ ಇಲ್ಲ, ನಿಮ್ಮ ದೋಷವಂತೂ ಇಲ್ಲವೇ ಇಲ್ಲ.

ಇದು ಗೀಳಿನ ಭಾಗವಾಗಿಯೂ ಬರಬಹುದು, ಆಘಾತದ ನಂತರದ ತೊಂದರೆಯ ಭಾಗವಾಗಿಯೂ ಬರಬಹುದು. ತೊಳೆಯದೆ ತಡೆದುಕೊಳ್ಳಿ ಎಂಬ ಚಿಕಿತ್ಸೆಯೊಂದೇ ಇಲ್ಲಿ ಸಾಲದು. ಆ ನೆನಪಿಗೆ ನೀವು ಕೊಟ್ಟಿರುವ ಅರ್ಥವನ್ನು, ಅದರ ಚಿತ್ರಗಳನ್ನು, ತರಬೇತಿ ಪಡೆದವರ ಜೊತೆಯಲ್ಲಿ ನಿಧಾನವಾಗಿ ಬದಲಾಯಿಸುವ ಕ್ರಮಗಳಿವೆ. ದಯವಿಟ್ಟು ಒಬ್ಬರೇ ಹೊರಬೇಡಿ. ಟೆಲಿ-ಮಾನಸ್ ಸಹಾಯವಾಣಿ 14416 ಹಗಲಿರುಳೂ ಉಚಿತವಾಗಿ ದೊರೆಯುತ್ತದೆ, ಕನ್ನಡದಲ್ಲೇ ಮಾತಾಡಬಹುದು, ಹೆಸರು ಹೇಳಲೇಬೇಕೆಂದಿಲ್ಲ.

ಮಲ್ಲಿಗೆಬಳ್ಳಿ

ಸರ್, ಅತ್ತೆಯವರ ವಿಷಯದಲ್ಲಿ ಮನೆಯವರಾದ ನಾವು ಏನು ಮಾಡಬೇಕು? ಅವರು ಕೇಳಿದಂತೆಲ್ಲ ನಾವೂ ತೊಳೆಯುತ್ತೇವೆ, ಇಲ್ಲದಿದ್ದರೆ ದಿನವಿಡೀ ಜಗಳ.

ತುಂಗಾತೀರ

ಮೇಡಂ, ಅವರು ಹೇಳಿದ್ದಕ್ಕೆಲ್ಲ ನೀವು ತೊಳೆಯುವುದು ಅವರಿಗೆ ಆ ಹೊತ್ತಿನ ನೆಮ್ಮದಿ, ಕಾಯಿಲೆಗೆ ಆಹಾರ. ಹಾಗೆಂದು ನಾಳೆಯಿಂದಲೇ ಒಮ್ಮೆಗೇ ನಿಲ್ಲಿಸಿದರೆ ಅವರು ಕಂಗಾಲಾಗುತ್ತಾರೆ. ‘ಎಲ್ಲಾ ಶುದ್ಧವಾಗಿದೆ’ ಎಂದು ವಾದಿಸುವುದನ್ನು ಮೊದಲು ಬಿಡಿ, ಶುದ್ಧವೋ ಅಲ್ಲವೋ ಎಂಬ ತೀರ್ಪುಗಾರರಾಗಲು ಒಪ್ಪಬೇಡಿ. ‘ನಿಮಗೆ ಅಸಹ್ಯವಾಗುತ್ತಿದೆ ಅಂತ ಗೊತ್ತು ಅಮ್ಮಾ, ಅದು ತಾನಾಗಿ ಇಳಿಯುವವರೆಗೆ ಜೊತೆಯಲ್ಲಿರುತ್ತೇನೆ’ ಎನ್ನುವುದು ಬೇರೆಯೇ ಮಾತು. ನಂತರ ಮನೋವೈದ್ಯರ ಬಳಿ ಕರೆದೊಯ್ಯಿರಿ; ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಗೀಳಿಗೆಂದೇ ಪ್ರತ್ಯೇಕ ಕ್ಲಿನಿಕ್ ಇದೆ. 1966ರಲ್ಲಿ ಮನೋವಿಜ್ಞಾನಿ ವಿಕ್ಟರ್ ಮೇಯರ್ ಆರಂಭಿಸಿದ ಕ್ರಮವೇ ಇಂದಿಗೂ ಮುಖ್ಯ ಚಿಕಿತ್ಸೆ: ಸುಲಭವಾದದ್ದರಿಂದ ಶುರುಮಾಡಿ, ಮುಟ್ಟುವುದು, ಮುಟ್ಟಿ ತೊಳೆಯದಿರುವುದು. ಹೇಸಿಗೆ ಪ್ರಧಾನವಾಗಿರುವವರಲ್ಲಿ ಇದಕ್ಕೆ ಹೆಚ್ಚು ಸಮಯ, ಹೆಚ್ಚು ಪುನರಾವರ್ತನೆ ಬೇಕೆಂದು ಮೊದಲೇ ಹೇಳಿಸಿಕೊಂಡಿರಿ. ಫ್ಲುಓಕ್ಸೆಟಿನ್, ಸರ್ಟ್ರಲಿನ್‌ನಂಥ ಔಷಧಿಗಳು ಗೀಳಿನಲ್ಲಿ ಪರಿಣಾಮ ತೋರಲು ಹತ್ತು-ಹನ್ನೆರಡು ವಾರ ಹಿಡಿಯಬಹುದು. ತಿಂಗಳಿಗೇ ಬಿಟ್ಟುಬಿಟ್ಟರೆ ಪ್ರಯೋಜನವಿಲ್ಲ. ಬಿರಿದ ಕೈಗಳನ್ನು ಚರ್ಮವೈದ್ಯರಿಗೂ ತೋರಿಸಿ.

ಅಗ್ರಹಾರದವ

ತಮ್ಮ ಉತ್ತರ ಒಪ್ಪಿದೆ. ಕೊನೆಯದಾಗಿ ಒಂದು ಸಂಶಯ: ವಾಂತಿ ನಿಲ್ಲಿಸುವ ಮಾತ್ರೆ ತೆಗೆದುಕೊಂಡರೆ ಹೇಸಿಗೆ ಕಡಿಮೆಯಾಗುತ್ತದೆ ಎಂದು ಎಲ್ಲೋ ಓದಿದೆ. ನಿಜವೇ?

ತುಂಗಾತೀರ

ಅದು ಕೇಂಬ್ರಿಡ್ಜಿನಲ್ಲಿ ನಡೆದು 2021ರಲ್ಲಿ ಪ್ರಕಟವಾದ ಪುಟ್ಟ ಪ್ರಯೋಗ. ಹೊಟ್ಟೆಯ ಲಯವನ್ನು ಸ್ಥಿರಗೊಳಿಸುವ ಡೋಂಪೆರಿಡೋನ್ ಕೊಟ್ಟಾಗ, ಅಸಹ್ಯ ಚಿತ್ರಗಳಿಂದ ಕಣ್ಣು ತಪ್ಪಿಸುವುದು ಸ್ವಲ್ಪ ಕಡಿಮೆಯಾಯಿತು; ಅದೂ ಆ ಚಿತ್ರಗಳನ್ನು ನೋಡಲು ಹಣದ ಆಸೆ ತೋರಿಸಿದ ಬಳಿಕ. ಭಾಗವಹಿಸಿದವರು ಆರೋಗ್ಯವಂತ ಯುವಜನರು, ಗೀಳಿನ ರೋಗಿಗಳಲ್ಲ. ಹೇಸಿಗೆಯಲ್ಲಿ ಹೊಟ್ಟೆಯ ಪಾತ್ರ ನಿಜವಾಗಿಯೂ ಇದೆ ಎಂದು ತೋರಿಸಿದ್ದಕ್ಕಾಗಿ ನನಗೆ ಅದು ಮುಖ್ಯವೆನಿಸುತ್ತದೆ, ಚಿಕಿತ್ಸೆಯಾಗಿ ಅಲ್ಲ. ಮೆಡಿಕಲ್ ಸ್ಟೋರಿನಲ್ಲಿ ಸುಲಭವಾಗಿ ಸಿಗುತ್ತದೆಂದು ಯಾರೂ ಅದನ್ನು ತಾವೇ ಕೊಂಡು ನುಂಗಬೇಡಿ. ಕೆಲವರಲ್ಲಿ, ಅದರಲ್ಲೂ ವಯಸ್ಸಾದವರಲ್ಲಿ, ಆ ಮಾತ್ರೆ ಹೃದಯ ಬಡಿತದ ಲಯವನ್ನು ಕೆಡಿಸಬಲ್ಲದು.